0.099 ಅಂತರದ ಚಿನ್ನ: ಕೊಹೆಯ್ ಉಚಿಮುರಾ ನಿಜವಾಗ್ಲೂ ಅಷ್ಟು ದೊಡ್ಡವನಾ?

ಗಿರಿನಗರದ_ಅಪ್ಪ

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಜಿಮ್ನಾಸ್ಟಿಕ್ಸ್‌ನ ಗಂಧ ಗಾಳಿ ನನಗಿಲ್ಲ. ನನ್ನ ಮಗನಿಗೆ ಹತ್ತು ವರ್ಷ. ಒಂದು ತಿಂಗಳಿಂದ ಅವನಿಗೆ ಇದೇ ಹುಚ್ಚು ಹಿಡಿದಿದೆ. ನಿನ್ನೆ ರಾತ್ರಿ ಊಟ ಆದ ಮೇಲೆ 2016ರ ರಿಯೋ ಒಲಿಂಪಿಕ್ಸ್‌ನ ಗಂಡಸರ ಆಲ್‌ರೌಂಡ್ (ಆರೂ ಆಟದ ಅಂಕ ಕೂಡಿಸುವ ಸ್ಪರ್ಧೆ) ಫೈನಲ್ ಹಾಕಿಕೊಂಡು ಕೂತಿದ್ದ. ನಾನೂ ಮಾವನೂ ಪಕ್ಕದಲ್ಲಿ ಕೂತೆವು.

ಐದು ಸುತ್ತು ಮುಗಿದಾಗ ಯುಕ್ರೇನಿನ ಓಲೆಗ್ ವೆರ್ನಿಯಾಯೆವ್ 0.901 ಅಂಕ ಮುಂದೆ. ಉಳಿದದ್ದು ಹೈ ಬಾರ್ (ಎತ್ತರದ ಅಡ್ಡ ಕಂಬಿ) ಒಂದೇ. ಉಚಿಮುರಾಗೆ 15.800 ಬಂತು, ವೆರ್ನಿಯಾಯೆವ್‌ಗೆ 14.800. ಕೊನೆಗೆ ಒಟ್ಟು 92.365 ಮತ್ತು 92.266. ಜಪಾನಿನವನು 0.099ರಿಂದ ಗೆದ್ದ! ನಮ್ಮ ಮಾವ ಹಾಲಿನ ಲೋಟ ಕೆಳಗಿಟ್ಟು ಒಂದೇ ಮಾತು ಹೇಳಿದರು: "ಇದು ಮೊದಲೇ ಮಾತಾಡಿಕೊಂಡದ್ದು."

ಮಗ ಅಳುವುದೊಂದು ಬಾಕಿ. ಆಮೇಲೆ ಅವನೇ 2021ರ ಟೋಕಿಯೊ ಒಲಿಂಪಿಕ್ಸ್‌ನ ವಿಡಿಯೊ ಹಾಕಿದ. ಅದರಲ್ಲಿ ಇದೇ ಉಚಿಮುರಾ ಹೈ ಬಾರ್‌ನಿಂದ ದೊಪ್ಪನೆ ಬಿದ್ದ. ಜಪಾನಿನಲ್ಲಿ ಇವನನ್ನು 'ಕಿಂಗ್' ಅಂತ ಕರೆಯುತ್ತಾರಂತೆ. ಸ್ವಂತ ದೇಶದ ಒಲಿಂಪಿಕ್ಸ್‌ನಲ್ಲಿ ಬಿದ್ದವನು ಅದು ಹೇಗೆ ಕಿಂಗ್?

ಗೊತ್ತಿರುವವರು ಹೇಳಿ. ಮಾವನಿಗೆ ಉತ್ತರ ಕೊಡಬೇಕು, ಮಗನಿಗೂ.

ಕಟ್ಟೆಪುರಾಣ

ನಿಮ್ಮ ಮಾವ ಹೇಳಿದ್ದೇ ಸರಿ. ಅಂಕ ಕೊಡುವವರು ಮನುಷ್ಯರು, ದೊಡ್ಡ ಹೆಸರಿಗೆ ಕೈ ಜಾರುತ್ತದೆ. ಇದೇನು ನೂರು ಮೀಟರ್ ಓಟವಾ, ಗಡಿಯಾರ ನೋಡಿ ಹೇಳೋಕೆ?

ಹಳೇ_ಜಿಮ್ನಾಸ್ಟ್

ಕಟ್ಟೆಪುರಾಣ ಸರ್, ಕಟ್ಟೆ ಮೇಲೆ ಕೂತು ಇಷ್ಟು ಸುಲಭವಾಗಿ ಹೇಳಬೇಡಿ. ನಾನು ಎಂಟು ವರ್ಷ ಈ ಆಟ ಆಡಿದ್ದೇನೆ, ರಾಜ್ಯ ಮಟ್ಟ ದಾಟಲಿಲ್ಲ, ಅದು ಬೇರೆ ಮಾತು.

ಅಂಕದಲ್ಲಿ ಎರಡು ಭಾಗ ಇದೆ. ಒಂದು ಕಷ್ಟದ ಅಂಕ: ನೀವು ಎಂಥಾ ಪಟ್ಟುಗಳನ್ನು ಹಾಕಿದಿರಿ ಅನ್ನುವುದಕ್ಕೆ. ಇನ್ನೊಂದು ಚೊಕ್ಕತನದ ಅಂಕ: ಹತ್ತರಿಂದ ಶುರುವಾಗಿ ತಪ್ಪಿಗೆ ತಕ್ಕ ಹಾಗೆ ಕಡಿತ. ಮೊಣಕಾಲು ಬಾಗಿದರೆ ಕಡಿತ, ಪಾದ ಚಾಚದೆ ಸಡಿಲ ಬಿಟ್ಟರೆ ಕಡಿತ. ಇಳಿದಾಗ ಸಣ್ಣ ಹೆಜ್ಜೆ ಇಟ್ಟರೆ 0.1, ದೊಡ್ಡ ಹೆಜ್ಜೆಗೆ 0.3, ಬಿದ್ದರೆ ಪೂರಾ 1 ಅಂಕ.

ಈಗ ಆ ವಿಡಿಯೊ ಮತ್ತೆ ಹಾಕಿ. ಹೈ ಬಾರ್‌ನಿಂದ ಇಳಿಯುವ ಜಾಗಕ್ಕೆ ನೇರ ಹೋಗಿ. ಉಚಿಮುರಾ ಮ್ಯಾಟ್ ಮೇಲೆ ಮೊಳೆ ಹೊಡೆದ ಹಾಗೆ ನಿಂತ. ವೆರ್ನಿಯಾಯೆವ್ ಇಳಿದ ಮೇಲೆ ಕಾಲು ಕದಲಿಸಿದ. ಒಂದು ಸಣ್ಣ ಹೆಜ್ಜೆಯ ಬೆಲೆ 0.1. ಗೆಲುವಿನ ಅಂತರ 0.099. ಮಾವನಿಗೆ ಇಷ್ಟು ಹೇಳಿ ಸಾಕು.

ಗಿರಿನಗರದ_ಅಪ್ಪ

ಅಯ್ಯೋ! ಅಂದರೆ ಆ ಒಂದು ಹೆಜ್ಜೆ ಇಡದೇ ಇದ್ದಿದ್ದರೆ...

ಹಳೇ_ಜಿಮ್ನಾಸ್ಟ್

ಹೌದು. ಆ ಹುಡುಗನಿಗೆ 14.900 ಸಿಕ್ಕಿದ್ದರೂ ಚಿನ್ನ ಅವನದೇ ಆಗುತ್ತಿತ್ತು.

ಅಂಕಿಸಂಖ್ಯೆ

0.099 ಅನ್ನುವ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಚೊಕ್ಕತನಕ್ಕೆ ಹಲವು ತೀರ್ಪುಗಾರರು ಬೇರೆ ಬೇರೆಯಾಗಿ ಅಂಕ ಹಾಕುತ್ತಾರೆ. ಎಲ್ಲರಿಗಿಂತ ಜಾಸ್ತಿ ಕೊಟ್ಟವನದನ್ನೂ ಕಡಿಮೆ ಕೊಟ್ಟವನದನ್ನೂ ಬಿಟ್ಟು, ನಡುವಿನ ಮೂವರ ಸರಾಸರಿ ತೆಗೆಯುತ್ತಿದ್ದರು. ಒಬ್ಬನ 0.1 ಅನ್ನು ಮೂರರಿಂದ ಭಾಗಿಸಿದರೆ 0.033. ಅದಕ್ಕೇ ಆ ಕಾಲದ ಅಂಕಗಳೆಲ್ಲ .033, .066, .100, .133 ಹೀಗೆ ಮುಗಿಯುತ್ತವೆ. 0.033ರ ಮೂರು ಪಟ್ಟು 0.099. ಆರು ಆಟ ಸೇರಿಸಿ ನೋಡಿದರೆ ಇಬ್ಬರ ನಡುವೆ ಇದ್ದದ್ದು ಹೆಚ್ಚೂ ಕಡಿಮೆ ಒಂದೇ ಒಂದು ಹತ್ತನೇ ಭಾಗ.

ಒಬ್ಬ ತೀರ್ಪುಗಾರ ಪಕ್ಷಪಾತ ಮಾಡಿ ತುಂಬಾ ಮೇಲೆ ಹಾಕಿದರೆ ಅವನ ಅಂಕ ಕಸದಬುಟ್ಟಿಗೆ. ಗೊತ್ತಾಯ್ತಾ ಕಟ್ಟೆಪುರಾಣ?

ಕಟ್ಟೆಪುರಾಣ

ಎಲ್ಲರೂ ಸೇರಿ ಸ್ವಲ್ಪ ಸ್ವಲ್ಪ ಮೇಲೆ ಹಾಕಿದರೆ? 2012ರ ಲಂಡನ್ ಮರೆತುಹೋಯಿತಾ? ತಂಡದ ಫೈನಲ್‌ನಲ್ಲಿ ಜಪಾನ್ ನಾಲ್ಕನೇ ಸ್ಥಾನ ಅಂತ ಬೋರ್ಡಿನಲ್ಲಿ ಬಂತು. ಇದೇ ಉಚಿಮುರಾನ ಪಾಮೆಲ್ ಹಾರ್ಸ್ (ಎರಡು ಹಿಡಿ ಇರುವ ದಿಮ್ಮಿ, ಅದರ ಮೇಲೆ ಕೈಯೂರಿ ಕಾಲು ಸುತ್ತಿಸುವ ಆಟ) ಅಂಕಕ್ಕೆ ತಕರಾರು ಹಾಕಿದರು. ಹತ್ತು ನಿಮಿಷದಲ್ಲಿ 0.7 ಜಾಸ್ತಿ ಆಯ್ತು, ಜಪಾನ್‌ಗೆ ಬೆಳ್ಳಿ. ಬ್ರಿಟನ್ ಬೆಳ್ಳಿಯಿಂದ ಕಂಚಿಗೆ ಇಳಿಯಿತು. ಯುಕ್ರೇನಿನವರು ಕಂಚು ಸಿಕ್ಕಿತು ಅಂತ ಕುಣಿಯುತ್ತಿದ್ದರು, ಬರಿಗೈ ಆಯ್ತು. ಅಲ್ಲೂ ಯುಕ್ರೇನ್, ಇಲ್ಲೂ ಯುಕ್ರೇನ್. ಬರೀ ಕಾಕತಾಳೀಯ ಅಂತೀರಾ?

ಹಳೇ_ಜಿಮ್ನಾಸ್ಟ್

ಒಳ್ಳೇ ಪಾಯಿಂಟ್, ಒಪ್ಪುತ್ತೇನೆ, ಆದರೆ ಅರ್ಧ ಹೇಳಿದ್ದೀರಿ. ಅಲ್ಲಿ ಚೊಕ್ಕತನದ ಅಂಕ ಬದಲಾಗಲಿಲ್ಲ. ಹಾರ್ಸ್‌ನಿಂದ ಇಳಿಯುವಾಗ ಅವನು ಎಡವಟ್ಟು ಮಾಡಿಕೊಂಡ. ಕೈ ಮೇಲೆ ನಿಂತು ದಾಟಿದ್ದು ಇಳಿಯುವ ಪಟ್ಟು ಅಂತ ಲೆಕ್ಕಕ್ಕೆ ಬರುತ್ತಾ ಇಲ್ವಾ ಅನ್ನುವುದೇ ಪ್ರಶ್ನೆ. ಮೊದಲು ಇಲ್ಲ ಅಂದರು, ವಿಡಿಯೊ ನೋಡಿ ಹೌದು ಅಂದರು. ಕಷ್ಟದ ಅಂಕದ ಬಗ್ಗೆ ತಕರಾರು ಹಾಕುವುದಕ್ಕೆ ನಿಯಮದಲ್ಲೇ ಅವಕಾಶ ಇದೆ, ದುಡ್ಡು ಕಟ್ಟಿ ಹಾಕಬೇಕು. ಮೈದಾನದಲ್ಲಿ ಜನ ಬೂ ಅಂದದ್ದು ನಿಜ. ನೋಡೋಕೆ ಚೆನ್ನಾಗಿರಲಿಲ್ಲ, ಅದೂ ನಿಜ.

ಸುಮ್ನೆ_ಓದುವವ

ವೆರ್ನಿಯಾಯೆವ್ ಏನಂದ ಅಂತ ಯಾರೂ ಹೇಳಲೇ ಇಲ್ವಲ್ಲ. ರಿಯೋದಲ್ಲಿ ಫೈನಲ್ ಮುಗಿದ ಮೇಲೆ ಪತ್ರಕರ್ತರೊಬ್ಬರು ಉಚಿಮುರಾನನ್ನು ಕೇಳಿದರು: ತೀರ್ಪುಗಾರರಿಗೆ ನಿಮ್ಮ ಮೇಲೆ ಪ್ರೀತಿ ಜಾಸ್ತಿಯಾ ಅಂತ. ಉಚಿಮುರಾ ಹಾಗೇನಿಲ್ಲ ಅಂದ. ಪಕ್ಕದಲ್ಲೇ ಕೂತಿದ್ದ ವೆರ್ನಿಯಾಯೆವ್ ಮಧ್ಯೆ ಬಾಯಿ ಹಾಕಿ, ಇದು ಕೆಲಸಕ್ಕೆ ಬಾರದ ಪ್ರಶ್ನೆ, ಅಂಕ ನ್ಯಾಯವಾಗೇ ಬಂದಿದೆ ಅಂತ ಅವನ ಪರ ನಿಂತ. ಸೋತವನೇ ಒಪ್ಪಿಕೊಂಡ ಮೇಲೆ ಗಿರಿನಗರದ ಮಾವನದೇನು?

ಮಂಡ್ಯ_ಹೈದ

😂😂 ಮಾವನನ್ನು ಬಿಡಿ ಗುರು

ಬೆಳಗಿನ_ಕಾಫಿ

ಎಂಟು ವಿಶ್ವ ಚಾಂಪಿಯನ್‌ಶಿಪ್ ಗೆದ್ದವನು ಅಲ್ವಾ ಇವನು? ಎಂಟು ಸಲ ಗೆದ್ದವನಿಗೆ ಕೃಪೆ ಯಾಕೆ ಬೇಕು?

ಅಂಕಿಸಂಖ್ಯೆ

ಎಂಟಲ್ಲ, ಆರು. ಆಲ್‌ರೌಂಡ್ ವಿಶ್ವ ಚಿನ್ನ: 2009 ಲಂಡನ್, 2010 ರೋಟರ್‌ಡಾಮ್, 2011 ಟೋಕಿಯೊ, 2013 ಆಂಟ್‌ವರ್ಪ್, 2014 ನಾನಿಂಗ್, 2015 ಗ್ಲಾಸ್ಗೋ. ಒಲಿಂಪಿಕ್ಸ್ ಇರುವ ವರ್ಷ ವಿಶ್ವ ಚಾಂಪಿಯನ್‌ಶಿಪ್ ನಡೆಯುತ್ತಿರಲಿಲ್ಲ. 2012 ಮತ್ತು 2016ರ ಒಲಿಂಪಿಕ್ ಚಿನ್ನ ಸೇರಿಸಿದರೆ ನಿಮ್ಮ ಎಂಟು ಬರುತ್ತದೆ. ಅಂದರೆ 2009ರಿಂದ 2016ರವರೆಗೆ ಪ್ರತಿ ವರ್ಷವೂ ಇವನೇ.

ದೇಶದೊಳಗಿನ ಪಂದ್ಯ ಎಲ್ಲಾ ಸೇರಿಸಿದರೆ 2008ರ ಕೊನೆಯಿಂದ 2017ರವರೆಗೆ ಆಲ್‌ರೌಂಡ್‌ನಲ್ಲಿ ಸತತ 40 ಗೆಲುವು. ಒಟ್ಟು ಒಲಿಂಪಿಕ್ ಪದಕ ಏಳು, ಮೂರು ಚಿನ್ನ ನಾಲ್ಕು ಬೆಳ್ಳಿ. ಕಂಚು ಒಂದೂ ಇಲ್ಲ!

2011ರಲ್ಲಿ ಎರಡನೆಯವನಿಗಿಂತ 3.101 ಅಂಕ ಮುಂದೆ ಇದ್ದ. ಆಗ ಯಾರೂ ಮೊದಲೇ ಮಾತಾಡಿಕೊಂಡದ್ದು ಅನ್ನಲಿಲ್ಲ.

ಧಾರವಾಡ_ಪೇಡೆ

ಅಮೆರಿಕದ ಸಿಮೋನ್ ಬೈಲ್ಸ್ ಮುಂದೆ ಇವೆಲ್ಲ ಏನ್ರೀ?

ಅಂಕಿಸಂಖ್ಯೆ

ಮಜಾ ಗೊತ್ತಾ, ಆಲ್‌ರೌಂಡ್ ಲೆಕ್ಕದಲ್ಲಿ ಇಬ್ಬರೂ ಸಮ. ಬೈಲ್ಸ್‌ಗೂ ಆರು ವಿಶ್ವ ಚಿನ್ನ, ಎರಡು ಒಲಿಂಪಿಕ್ ಚಿನ್ನ. ಬೈಲ್ಸ್ ನಡುವೆ ಬಿಡುವು ತಗೊಂಡರು, ಉಚಿಮುರಾ ಒಂದೇ ಉಸಿರಲ್ಲಿ ಎಂಟು. ಒಟ್ಟು ಪದಕದಲ್ಲಿ ಮಾತ್ರ ಬೈಲ್ಸ್ ಎಲ್ಲೋ ಇದ್ದಾರೆ, ಬಿಡಿ.

ಹಳೇ_ಜಿಮ್ನಾಸ್ಟ್

ಹೋಲಿಕೆ ಬೇಡ. ಹೆಂಗಸರಿಗೆ ನಾಲ್ಕು ಆಟ, ಗಂಡಸರಿಗೆ ಆರು: ಫ್ಲೋರ್, ಪಾಮೆಲ್ ಹಾರ್ಸ್, ರಿಂಗ್ಸ್ (ಮೇಲಿಂದ ತೂಗುವ ಎರಡು ಬಳೆ), ವಾಲ್ಟ್ (ಓಡಿ ಬಂದು ಮೇಜಿಗೆ ಕೈಯೂರಿ ಹಾರುವುದು), ಪ್ಯಾರಲಲ್ ಬಾರ್ಸ್ (ಜೋಡಿ ಕಂಬಿ), ಹೈ ಬಾರ್. ಈ ಆರಕ್ಕೂ ಬೇಕಾದ ಮೈ ಬೇರೆ ಬೇರೆ. ರಿಂಗ್ಸ್‌ಗೆ ಹೆಗಲು ತೋಳು ಗಟ್ಟಿ ಇರಬೇಕು. ಆ ತೂಕ ಹೊತ್ತುಕೊಂಡು ಫ್ಲೋರ್‌ನಲ್ಲಿ ಹಾರುವುದು ಕಷ್ಟ. ಹಾರ್ಸ್‌ಗೆ ಬರೀ ತೋಳ್ಬಲ ಸಾಲದು, ಲಯ ಬೇಕು. ಹೆಚ್ಚಿನವರು ಎರಡು ಮೂರು ಆಟದಲ್ಲಿ ಹುಲಿ, ಉಳಿದದ್ದರಲ್ಲಿ ಹೇಗೋ ದಾಟುತ್ತಾರೆ. ಉಚಿಮುರಾ 162 ಸೆಂಟಿಮೀಟರ್ ಎತ್ತರದ ಸಣ್ಣ ಆಳು. ಆರರಲ್ಲಿ ಯಾವುದನ್ನೂ 'ಹೇಗೋ' ದಾಟಲಿಲ್ಲ.

ಇಳಿಯುವುದರ ಬಗ್ಗೆ ಇನ್ನೊಂದು ಮಾತು. ಎಲ್ಲರೂ ಅದು ಕಾಲಿನ ಶಕ್ತಿ ಅಂದುಕೊಳ್ಳುತ್ತಾರೆ. ಕಾಲು ಕೊನೆಗೆ ಬರುವುದು. ಹೈ ಬಾರ್‌ನಿಂದ ಕೈ ಬಿಡುವ ಕ್ಷಣದಲ್ಲೇ ನಿಮ್ಮ ಇಳಿತ ತೀರ್ಮಾನ ಆಗಿರುತ್ತದೆ. ಒಂದು ಚೂರು ಮೊದಲೋ ತಡವಾಗಿಯೋ ಬಿಟ್ಟರೆ ಮುಂದಕ್ಕೆ ಮುಗ್ಗರಿಸುತ್ತೀರಿ ಅಥವಾ ಹಿಂದಕ್ಕೆ ಹೆಜ್ಜೆ. ಮೇಲೆ ಹೋದ ಮೇಲೆ ಮಾಡೋಕೆ ಜಾಸ್ತಿ ಏನೂ ಇರುವುದಿಲ್ಲ, ಮೈ ಬಿಚ್ಚುವುದು ಬಿಗಿಯುವುದು ಅಷ್ಟೇ. ಗಾಳಿಯಲ್ಲಿ ಸುತ್ತುವಾಗ ತಾನು ಎಲ್ಲಿದ್ದೇನೆ ಅಂತ ಉಚಿಮುರಾಗೆ ಕಾಣಿಸುತ್ತದಂತೆ, ಅವನೇ ಹೇಳಿದ್ದಾನೆ. ನನಗೆ ಕಾಣುತ್ತಿದ್ದದ್ದು ಒಂದು ಬಿಳಿ ಗೆರೆ, ಒಂದು ಕಪ್ಪು ಗೆರೆ, ಆಮೇಲೆ ನೆಲ.

ನಾವು ಕಲಿತ ಹಾಲ್‌ನಲ್ಲಿ (ಹೆಸರು ಬೇಡ) ತೆಂಗಿನ ನಾರಿನ ಮ್ಯಾಟ್ ಇತ್ತು, ಮಧ್ಯೆ ಹರಿದು ಗುಂಡಿ ಆಗಿತ್ತು. ಎಲ್ಲರೂ ಇಳಿದು ಇಳಿದು ಅದೇ ಜಾಗ ಸವೆದಿತ್ತು. ಗುಂಡಿಯಲ್ಲಿ ಇಳಿದರೆ ಅಡಿಯ ಸಿಮೆಂಟ್ ಹಿಮ್ಮಡಿಗೆ ತಾಗುತ್ತಿತ್ತು. ಹಾಗಾಗಿ ನಾವೆಲ್ಲ ಗುಂಡಿ ತಪ್ಪಿಸಿ ಪಕ್ಕಕ್ಕೆ ಇಳಿಯೋದು ಕಲಿತೆವು. ಸ್ಪರ್ಧೆಗೆ ಹೋದಾಗ ಒಳ್ಳೇ ಮ್ಯಾಟ್ ಮೇಲೂ ಅದೇ ಚಾಳಿ, ಪಕ್ಕಕ್ಕೆ ಒಂದು ಹೆಜ್ಜೆ. ಪ್ರತಿ ಸಲ 0.1 ಹೋಗುತ್ತಿತ್ತು. ಅದಕ್ಕೇ ಈ 0.099 ನೋಡಿದರೆ ನನಗೆ ಹೊಟ್ಟೆ ಒಳಗೆ ಏನೋ ಆಗುತ್ತದೆ.

ಧಾರವಾಡ_ಪೇಡೆ

ನಮ್ಮ ಕಡೆ ಮಲ್ಲಕಂಬ ಆಡ್ತಾರ. ಕಂಬಕ್ಕೆ ಹರಳೆಣ್ಣೆ ಹಚ್ಚಿರತಾರ, ಮೈ ಉಜ್ಜಬಾರದು ಅಂತ. ಇವರು ಕೈಗೆ ಬಿಳಿ ಪುಡಿ ಬಡಕೊಳ್ಳೋದು ನೋಡಿದಾಗ ನಮ್ಮ ಅಜ್ಜ "ಇವರಿಗೇನು ಜಾರೋದಂದ್ರ ಅಷ್ಟು ಭಯ?" ಅಂತಿದ್ದರು.

ಹಳೇ_ಜಿಮ್ನಾಸ್ಟ್

ಹಹಹ. ಅಜ್ಜನಿಗೆ ಹೇಳಿ, ಪ್ಯಾರಲಲ್ ಬಾರ್ಸ್‌ಗೆ ಜೇನುತುಪ್ಪವನ್ನೂ ಹಚ್ಚುತ್ತಾರೆ. ಜೇನು, ಮೇಲೆ ಪುಡಿ, ಸ್ವಲ್ಪ ನೀರು. ಮರದ ಕಂಬಿ ಅಂಟಿಕೊಳ್ಳಬೇಕು. ಇರುವೆ ಬರಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಹಾಲ್‌ಗೆ ಬರುತ್ತಿತ್ತು.

ನಾಗೋಯಾ_ಕನ್ನಡತಿ

ತಡವಾಗಿ ಬಂದೆ. ನಾನು ಜಪಾನಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಇಲ್ಲಿ ಉಚಿಮುರಾ ಯಾಕೆ ಕಿಂಗ್ ಅನ್ನುವುದು ಪದಕ ಎಣಿಸಿದರೆ ಪೂರ್ತಿ ಗೊತ್ತಾಗುವುದಿಲ್ಲ.

ಮೊದಲು ಒಂದು ಸಣ್ಣ ವಿಷಯ. ಇಲ್ಲಿ ಪ್ರೈಮರಿ ಶಾಲೆಯ ಮೈದಾನದಲ್ಲಿ, ಮನೆ ಹತ್ತಿರದ ಪಾರ್ಕಿನಲ್ಲಿ ಎಲ್ಲಿ ನೋಡಿದರೂ ಮಕ್ಕಳ ಎದೆಮಟ್ಟದ ಕಬ್ಬಿಣದ ಕಂಬಿ ಇರುತ್ತದೆ. ತೆತ್ಸುಬೋ ಅಂತಾರೆ. ಅದನ್ನು ಹಿಡಿದು ಕಾಲು ಮೇಲಕ್ಕೆ ಒದ್ದು, ಹಿಂದಕ್ಕೆ ಒಂದು ಸುತ್ತು ಸುತ್ತಿ ಕಂಬಿ ಮೇಲೆ ಹೊಟ್ಟೆ ಊರಿ ನಿಲ್ಲುವುದು ಸಾಕಾಗಾರಿ. ಪಿಟಿ ಪಾಠದಲ್ಲಿ ಎಲ್ಲಾ ಮಕ್ಕಳೂ ಮಾಡಬೇಕು. ನನ್ನ ಮಗಳು ಮೂರನೇ ಕ್ಲಾಸು, ಅವಳಿಗೆ ಇನ್ನೂ ಬಂದಿಲ್ಲ. ದಿನಾ ಸಂಜೆ ಪಾರ್ಕಿಗೆ ಹೋಗುತ್ತೇವೆ. ನಾನು ಬೆನ್ನಿಗೆ ಕೈ ಕೊಟ್ಟು ತಳ್ಳುತ್ತೇನೆ, ಅವಳು ಸೊಂಟ ಕಂಬಿಗೆ ತಾಗಿಸುವ ಮೊದಲೇ ಜೋತುಬಿದ್ದುಬಿಡುತ್ತಾಳೆ. ಅಂಗೈಯಲ್ಲಿ ತುಕ್ಕಿನ ವಾಸನೆ, ಬೆರಳ ಬುಡದಲ್ಲಿ ಬೊಬ್ಬೆ. ನಿನ್ನೆ ಒಬ್ಬ ಅಜ್ಜಿ ನಾಯಿ ಹಿಡಿದುಕೊಂಡು ಹೋಗುತ್ತಿದ್ದವರು ನಿಂತು, "ಗಲ್ಲ ಕಂಬಿ ಹತ್ತಿರ ಇಟ್ಟುಕೋ, ತೋಳು ಬಿಡಬೇಡ" ಅಂತ ಹೇಳಿಕೊಟ್ಟು ಹೋದರು. ಎಂಬತ್ತರ ಆಸುಪಾಸಿನ ಅಜ್ಜಿ! ಇಲ್ಲಿ ಎಲ್ಲರೂ ಒಂದು ಕಾಲದಲ್ಲಿ ಆ ಕಂಬಿಗೆ ಜೋತುಬಿದ್ದವರೇ. ಹಾಗಾಗಿ ಟಿವಿಯಲ್ಲಿ ಉಚಿಮುರಾ ಹೈ ಬಾರ್ ಹಿಡಿದಾಗ ಅವನು ಮಾಡುತ್ತಿರುವುದು ಎಷ್ಟು ಕಷ್ಟ ಅಂತ ಅವರ ಅಂಗೈಗೇ ಗೊತ್ತು.

ಇನ್ನು ಅವನ ಕಥೆ. ಹುಟ್ಟಿದ್ದು 1989ರ ಜನವರಿ 3, ಕಿತಾಕ್ಯುಶುವಿನಲ್ಲಿ. ಬೆಳೆದದ್ದು ನಾಗಸಾಕಿಯ ಇಸಾಹಾಯಾ ಅನ್ನುವ ಊರಲ್ಲಿ. ಅಪ್ಪ ಅಮ್ಮ ಇಬ್ಬರೂ ಜಿಮ್ನಾಸ್ಟ್‌ಗಳು, ಅಲ್ಲಿ ಸ್ವಂತ ಕ್ಲಬ್ ತೆರೆದರು. ಮೂರು ವರ್ಷಕ್ಕೇ ಆಟ ಶುರು. ಹುಟ್ಟಾ ಪ್ರತಿಭೆ ಅಂದುಕೊಳ್ಳಬೇಡಿ, ಮೊದಲ ಸ್ಪರ್ಧೆಯಲ್ಲಿ ಕಟ್ಟಕಡೆಯ ಸ್ಥಾನ ಬಂದಿತ್ತಂತೆ. ಚಿಕ್ಕವನಿದ್ದಾಗ ನೋಟ್‌ಬುಕ್ ತುಂಬಾ ಕಡ್ಡಿ ಗೊಂಬೆ ಬಿಡಿಸಿ, ಒಂದೊಂದು ಪಟ್ಟಿನಲ್ಲಿ ಮೈ ಹೇಗೆ ತಿರುಗುತ್ತದೆ ಅಂತ ಬರೆದಿಟ್ಟುಕೊಳ್ಳುತ್ತಿದ್ದ. ಹದಿನೈದಕ್ಕೆ ಮನೆ ಬಿಟ್ಟು ಟೋಕಿಯೊಗೆ ಬಂದ, ನಾವೊಯಾ ತ್ಸುಕಹರಾ ಇದ್ದ ಕ್ಲಬ್ಬಿನಲ್ಲಿ ಕಲಿಯಬೇಕು ಅಂತ.

ಬೆಳಗಿನ_ಕಾಫಿ

ತ್ಸುಕಹರಾ ಅಂತ ವಾಲ್ಟ್‌ನಲ್ಲಿ ಒಂದು ಪಟ್ಟು ಇದೆಯಲ್ಲ, ಅದಕ್ಕೆ ಹೆಸರು ಕೊಟ್ಟವರಾ?

ನಾಗೋಯಾ_ಕನ್ನಡತಿ

ಅವರ ಮಗ. ವಾಲ್ಟ್‌ಗೆ ಹೆಸರು ಬಂದದ್ದು ಅಪ್ಪ ಮಿತ್ಸುವೊ ತ್ಸುಕಹರಾ ಅವರಿಂದ. ಮಗ 2004ರ ಅಥೆನ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ.

ಸುಮ್ನೆ_ಓದುವವ

ಜಪಾನಿನವರಿಗೆ ಇದು ಹೊಸದಲ್ಲ. 1960ರಿಂದ 1976ರವರೆಗೆ ಐದು ಒಲಿಂಪಿಕ್ಸ್‌ನಲ್ಲೂ ಗಂಡಸರ ತಂಡದ ಚಿನ್ನ ಅವರದೇ. ಸವಾವೊ ಕಾಟೊ ಒಬ್ಬರಿಗೇ ಎಂಟು ಒಲಿಂಪಿಕ್ ಚಿನ್ನ. 1976ರಲ್ಲಿ ಶುನ್ ಫುಜಿಮೊಟೊ ಫ್ಲೋರ್‌ನಲ್ಲಿ ಮಂಡಿಚಿಪ್ಪು ಮುರಿದುಕೊಂಡು, ಯಾರಿಗೂ ಹೇಳದೆ ಹಾರ್ಸ್ ಮಾಡಿ, ರಿಂಗ್ಸ್‌ನಿಂದ ಅದೇ ಕಾಲಿನ ಮೇಲೆ ಇಳಿದು 9.7 ತಗೊಂಡ. ತಂಡ ಸೋವಿಯತ್‌ಗಿಂತ 0.4 ಮುಂದೆ ಬಂದು ಗೆದ್ದಿತು.

ಮಂಡ್ಯ_ಹೈದ

ಮುರಿದ ಮಂಡಿ ಮೇಲೆ ಇಳಿದನಾ?? ನನಗೆ ಓದೋಕೇ ಆಗ್ತಿಲ್ಲ

ನಾಗೋಯಾ_ಕನ್ನಡತಿ

ಹಳಬರ ಮಾತು ಬಂತಲ್ಲ, ಒಂದು ತಮಾಷೆ ಹೇಳುತ್ತೇನೆ. ಜಪಾನಿ ಭಾಷೆಯಲ್ಲಿ 'ಒನಿ ನಿ ಕನಾಬೋ' ಅಂತ ಗಾದೆ ಇದೆ. ರಾಕ್ಷಸನ ಕೈಗೆ ಕಬ್ಬಿಣದ ಗದೆ ಕೊಟ್ಟ ಹಾಗೆ ಅಂತ. 1950-60ರ ದಶಕದಲ್ಲಿ ತಕಾಶಿ ಒನೊ ಅಂತ ಹೈ ಬಾರ್ ದೈತ್ಯರೊಬ್ಬರಿದ್ದರು. ಜನ ಗಾದೆಯನ್ನೇ ತಿರುಚಿ 'ಒನೊ ನಿ ತೆತ್ಸುಬೋ' ಅಂದರು. ಒನೊ ಕೈಗೆ ಹೈ ಬಾರ್ ಕೊಟ್ಟ ಹಾಗೆ! 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ರೀಡಾಪಟುಗಳ ಪ್ರಮಾಣವಚನ ಓದಿದ್ದು ಅವರೇ.

ಧಾರವಾಡ_ಪೇಡೆ

ಭಾರಿ ಅದ ಇದು. ಮಂಗನ ಕೈಯಾಗ ಮಾಣಿಕ್ಯದ ಉಲ್ಟಾ.

ಕಟ್ಟೆಪುರಾಣ

ಎಲ್ಲಾ ಸರಿ. ಆದರೆ ಟೋಕಿಯೊ 2021ರ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ರಿಯೋದಲ್ಲಿ 27 ವರ್ಷ, ಎಲ್ಲ ಗೆದ್ದಾಗಿತ್ತು. ಅಲ್ಲೇ ನಿಲ್ಲಿಸಬೇಕಿತ್ತು. 32ರಲ್ಲಿ ಹೈ ಬಾರ್ ಒಂದಕ್ಕೇ ಅಂತ ಬಂದು, ಅರ್ಹತಾ ಸುತ್ತಿನಲ್ಲೇ ಬಿದ್ದು, ಒಬ್ಬ ಹುಡುಗನ ಜಾಗ ತಿಂದ. ಹಿದೆನೊಬು ಯೊನೆಕುರಾ ಅಂತ ವಾಲ್ಟ್ ಆಡುವವನು. ಕೊನೆಯ ಜಾಗ ಇವರಿಬ್ಬರಲ್ಲಿ ಒಬ್ಬರಿಗೆ ಅಂತ ಇತ್ತು. ನಮ್ಮ ಕ್ರಿಕೆಟ್‌ನಲ್ಲೂ ಇದೇ ರೋಗ, ಹೆಸರು ನೋಡಿ ಜಾಗ.

ಬೆಳಗಿನ_ಕಾಫಿ

ದಯವಿಟ್ಟು ಕ್ರಿಕೆಟ್ ತರಬೇಡಿ, ಥ್ರೆಡ್ ಹಾಳಾಗುತ್ತೆ.

ನಾಗೋಯಾ_ಕನ್ನಡತಿ

ಹೆಸರು ನೋಡಿ ಕೊಟ್ಟದ್ದಲ್ಲ ಸರ್. ಆಯ್ಕೆ ಸ್ಪರ್ಧೆಗಳ ಅಂಕದ ಲೆಕ್ಕದಲ್ಲೇ ಬಂದದ್ದು. ಆದರೆ ಅವನಿಗೂ ಅದು ಚುಚ್ಚಿದೆ. ಬಿದ್ದ ಮೇಲೆ ಮೈಕ್ ಮುಂದೆ ನಿಂತು ಯೊನೆಕುರಾಗೆ ಕ್ಷಮೆ ಕೇಳಬೇಕು ಅಂದ.

ಆ ದಿನ ನಾನು ಮನೆಯಲ್ಲಿ ಟಿವಿ ಮುಂದೆ ಇದ್ದೆ. ಕೊರೋನಾ ಕಾಲ, ಪ್ರೇಕ್ಷಕರು ಇಲ್ಲ, ಹಾಲ್ ಖಾಲಿ. ಕಂಬಿ ಬಿಟ್ಟು ಹಾರಿ ಮತ್ತೆ ಹಿಡಿಯುವ ಅತಿ ಕಷ್ಟದ ಪಟ್ಟುಗಳೆಲ್ಲ ಮುಗಿದವು. ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಕಂಬಿ ಮೇಲೆ ಕೈ ಬದಲಿಸಿ ತಿರುಗುವ ಪಟ್ಟಿನಲ್ಲಿ ಕೈ ಜಾರಿತು. ದೊಡ್ಡ ಹಳ್ಳ ದಾಟಿ ಹೊಸ್ತಿಲಲ್ಲಿ ಎಡವಿದ ಹಾಗೆ. ಎದ್ದ, ಪುಡಿ ಹಚ್ಚಿಕೊಂಡ, ಮತ್ತೆ ಹತ್ತಿದ, ಕೊನೆಗೆ ಇಳಿದ. 13.866. ಫೈನಲ್‌ಗೆ ಸಾಕಾಗಲಿಲ್ಲ. ನಮ್ಮ ಯಜಮಾನರು ಟಿವಿ ಆಫ್ ಮಾಡಿ ಪಾತ್ರೆ ತೊಳೆಯೋಕೆ ಹೋದರು. ಅವರು ಯಾವತ್ತೂ ಕೇಳದೆ ಪಾತ್ರೆ ತೊಳೆದವರಲ್ಲ!

ಮಂಡ್ಯ_ಹೈದ

ಹಾಗಾದರೆ ಉಚಿಮುರಾ ಇನ್ನೊಂದ್ಸಲ ಬೀಳಲಿ ಅಂತ ಕಾಯ್ತಿದ್ದೀರಾ ಮೇಡಂ 😄

ಹಳೇ_ಜಿಮ್ನಾಸ್ಟ್

ಕಟ್ಟೆಪುರಾಣ ಸರ್, 'ನಿಲ್ಲಿಸಬೇಕಿತ್ತು' ಅನ್ನುವುದು ಸುಲಭ. 2017ರ ಮಾಂಟ್ರಿಯಲ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ವಾಲ್ಟ್‌ನಿಂದ ಇಳಿಯುವಾಗ ಹಿಮ್ಮಡಿ ಗಂಟು ನೋವಾಗಿ ಆ ಸತತ ಗೆಲುವು ನಿಂತಿತು. 2018ರ ದೋಹಾದಲ್ಲಿ ಹೈ ಬಾರ್ ಬೆಳ್ಳಿ ಗೆದ್ದ. ಆಮೇಲೆ ಎರಡೂ ಹೆಗಲು ಕೈಕೊಟ್ಟವು. 2019ರಲ್ಲಿ ತಂಡಕ್ಕೇ ಬರಲಿಲ್ಲ. ಹೆಗಲು ಹೋದವನು ರಿಂಗ್ಸ್ ಮಾಡೋಕಾಗಲ್ಲ, ರಿಂಗ್ಸ್ ಇಲ್ಲದವನು ಆಲ್‌ರೌಂಡ್ ಆಡೋಕಾಗಲ್ಲ. ಆರೂ ಆಟ ಆಡಿದರೇ ಜಿಮ್ನಾಸ್ಟಿಕ್ಸ್ ಅಂತ ಜೀವಮಾನ ಹೇಳಿಕೊಂಡು ಬಂದವನು ಐದನ್ನು ಬಿಟ್ಟು ಒಂದಕ್ಕೆ ಇಳಿದ. ಅವನ ಜಂಬ ಅಲ್ಲೇ ಮುರಿದಿತ್ತು, ಬೀಳುವ ಮೊದಲೇ.

ಅವನು ಬಿದ್ದದ್ದೂ ಅದೇ ಮೊದಲಲ್ಲ. ಬೀಜಿಂಗ್ 2008, ಆಗ ವಯಸ್ಸು 19. ಆಲ್‌ರೌಂಡ್ ಫೈನಲ್‌ನಲ್ಲಿ ಪಾಮೆಲ್ ಹಾರ್ಸ್‌ನಿಂದ ಎರಡು ಸಲ ಬಿದ್ದು ಇಪ್ಪತ್ತನೇ ಸ್ಥಾನದ ಆಚೆ ಹೋದ. ಉಳಿದ ನಾಲ್ಕು ಆಟದಲ್ಲಿ ಒಬ್ಬೊಬ್ಬರನ್ನೇ ದಾಟಿ ಬೆಳ್ಳಿ. 2012ರಲ್ಲೂ ಅರ್ಹತಾ ಸುತ್ತಿನಲ್ಲಿ ಬಿದ್ದ, ಫೈನಲ್‌ನಲ್ಲಿ 92.690 ತಗೊಂಡು ಗೆದ್ದ. ಆ ಫೈನಲ್‌ನ ವಾಲ್ಟ್ ನೋಡಿ, ಇಳಿದಾಗ ಪಾದ ಒಂದು ಚೂರೂ ಅಲುಗಲಿಲ್ಲ. 2015ರ ತಂಡದ ಫೈನಲ್, ಕೊನೆಯ ಹೈ ಬಾರ್, ಅಲ್ಲೂ ಬಿದ್ದ. ಆದರೂ 37 ವರ್ಷದ ಮೇಲೆ ಜಪಾನಿಗೆ ತಂಡದ ವಿಶ್ವ ಚಿನ್ನ ಬಂತು. ಟೋಕಿಯೊದಲ್ಲಿ ವ್ಯತ್ಯಾಸ ಏನಪ್ಪಾ ಅಂದರೆ, ಒಂದೇ ಆಟ ಆಡುವವನಿಗೆ ಬಿದ್ದ ಮೇಲೆ ಸರಿಮಾಡಿಕೊಳ್ಳೋಕೆ ಮುಂದಿನ ಆಟ ಇರುವುದಿಲ್ಲ.

ಕಟ್ಟೆಪುರಾಣ

ಈ ಮಾತು ಒಪ್ಪಿದೆ. ಆದರೂ 0.099 ಬಗ್ಗೆ ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಬರೆದಿಟ್ಟುಕೊಳ್ಳಿ.

ಅಂಕಿಸಂಖ್ಯೆ

ಬರೆದಿಟ್ಟುಕೊಂಡೆ. ನಿಮ್ಮಂಥವರಿಗೇ ಅಂತ ಜಪಾನಿನ ಫುಜಿತ್ಸು ಕಂಪನಿ ಲೇಸರ್ ಸೆನ್ಸರ್ ಇಟ್ಟು ಆಟಗಾರನ ಮೈಯ ಕೋನ ಅಳೆಯುವ ವ್ಯವಸ್ಥೆ ತಯಾರಿಸಿದೆ. 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತೀರ್ಪುಗಾರರ ನೆರವಿಗೆ ಬಳಸಿದರು.

ಕಟ್ಟೆಪುರಾಣ

ಅದೂ ಜಪಾನಿನ ಕಂಪನಿ! ಆಹಾ!

ಮಂಡ್ಯ_ಹೈದ

🤣🤣🤣 ಇವರನ್ನು ಸಮಾಧಾನ ಮಾಡೋಕೆ ಬ್ರಹ್ಮನೇ ಬರಬೇಕು

ಸುಮ್ನೆ_ಓದುವವ

ಟೋಕಿಯೊದಲ್ಲಿ ದೈಕಿ ಹಶಿಮೊಟೊ ಆಲ್‌ರೌಂಡ್ ಗೆದ್ದಾಗಲೂ ಇದೇ ಗಲಾಟೆ ಆಯ್ತು. ವಾಲ್ಟ್‌ನಿಂದ ಇಳಿದು ಮ್ಯಾಟ್ ಆಚೆ ಕಾಲಿಟ್ಟರೂ 14.700 ಕೊಟ್ಟರು ಅಂತ ಚೀನಾದ ಜನ ಅವನಿಗೆ ಆನ್‌ಲೈನ್‌ನಲ್ಲಿ ಬೈದದ್ದೇ ಬೈದದ್ದು. ಅದೇ ಫೈನಲ್‌ನಲ್ಲಿ ಬೆಳ್ಳಿ ಗೆದ್ದ ಚೀನಾದ ಶಿಯಾವೊ ರುವೊತೆಂಗ್‌ಗೆ ಹೈ ಬಾರ್ ಮುಗಿಸಿದ ಮೇಲೆ ತೀರ್ಪುಗಾರರಿಗೆ ನಮಸ್ಕಾರ ಹಾಕಲಿಲ್ಲ ಅಂತ 0.3 ಕಡಿತ. ಅಂತರ ಇದ್ದದ್ದೇ 0.4. ಇದನ್ನು ಗಿರಿನಗರದ ಮಾವನಿಗೆ ಹೇಳಿ, ಮಕ್ಕಳಿಗೆ ದೊಡ್ಡವರಿಗೆ ನಮಸ್ಕಾರ ಹಾಕೋಕೆ ಕಲಿಸುವಾಗ ಉಪಯೋಗ ಆಗುತ್ತೆ.

ಬೆಳಗಿನ_ಕಾಫಿ

ನಮ್ಮ ದೀಪಾ ಕರ್ಮಾಕರ್ ರಿಯೋದಲ್ಲಿ 0.15ರಿಂದ ಕಂಚು ತಪ್ಪಿಸಿಕೊಂಡರು. ನಾಲ್ಕನೇ ಸ್ಥಾನ. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಜಿಮ್ನಾಸ್ಟಿಕ್ಸ್ ಗೊತ್ತಿರಲಿಲ್ಲ, ಆದರೂ ಎಲ್ಲರೂ ಎದ್ದು ಕೂತು ನೋಡಿದೆವು. ಈ ಪಾಯಿಂಟ್ ಲೆಕ್ಕ ಇಂದು ಅರ್ಥ ಆಯ್ತು.

ಮಂಡ್ಯ_ಹೈದ

ಪೋಕೆಮಾನ್ ಕಥೆ ಯಾರೂ ಹೇಳಲಿಲ್ವಾ? ರಿಯೋಗೆ ಹೋಗಿ ಪೋಕೆಮಾನ್ ಗೋ ಆಡಿ ಐದು ಲಕ್ಷ ಯೆನ್ ಮೊಬೈಲ್ ಬಿಲ್ ಮಾಡಿಕೊಂಡಿದ್ದು ಇವನೇ ಅಲ್ವಾ?

ನಾಗೋಯಾ_ಕನ್ನಡತಿ

ಇವನೇ! ಆಮೇಲೆ ಕಂಪನಿಯವರು ದಿನದ ಫ್ಲಾಟ್ ದರಕ್ಕೆ ಇಳಿಸಿಕೊಟ್ಟರಂತೆ. ತರಕಾರಿ ಕಂಡರೆ ಆಗದ ಆಸಾಮಿ, ಬೀಜಿಂಗ್‌ಗೆ ಹೋಗುವಾಗ ಬ್ಲ್ಯಾಕ್ ಥಂಡರ್ ಅನ್ನುವ ಅಗ್ಗದ ಚಾಕೊಲೇಟ್ ಕಟ್ಟಿಕೊಂಡು ಹೋಗಿದ್ದ. ಅದು ಸುದ್ದಿಯಾಗಿ ಚಾಕೊಲೇಟ್ ಜೋರಾಗಿ ಮಾರಾಟ ಆಯ್ತು. 2016ರ ಕೊನೆಗೆ ವೃತ್ತಿಪರ ಆಟಗಾರ ಆದ, ಜಪಾನಿನ ಜಿಮ್ನಾಸ್ಟಿಕ್ಸ್‌ನಲ್ಲಿ ಮೊದಲಿಗ. ಪ್ರಾಯೋಜಕರು ಯಾರು ಗೊತ್ತಾ? ರಿಂಗರ್ ಹಟ್, ನಾಗಸಾಕಿಯ ಚಾಂಪೊನ್ ನೂಡಲ್ಸ್ ಹೋಟೆಲಿನವರು. ಚಾಂಪೊನ್ ಬಟ್ಟಲಿನಲ್ಲಿ ನೂಡಲ್ಸ್‌ಗಿಂತ ತರಕಾರಿಯೇ ಜಾಸ್ತಿ!

ಗಿರಿನಗರದ_ಅಪ್ಪ

ಎಲ್ಲ ಓದಿದೆ, ಮಗನಿಗೂ ಓದಿ ಹೇಳಿದೆ. ತರಕಾರಿ ವಿಷಯ ಮಾತ್ರ ಓದಬಾರದಿತ್ತು, ಇವತ್ತು ಹುಳಿಯಲ್ಲಿದ್ದ ಬೀನ್ಸ್ ಎಲ್ಲ ತಟ್ಟೆ ಅಂಚಿಗೆ ಹೋಯ್ತು.

ಒಂದು ಪ್ರಶ್ನೆ ಉಳಿಯಿತು. ಟೋಕಿಯೊದಲ್ಲಿ ಬಿದ್ದದ್ದೇ ಕೊನೆಯಾ?

ನಾಗೋಯಾ_ಕನ್ನಡತಿ

ಅಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದದ್ದು ಅವನು ಹುಟ್ಟಿದ ಕಿತಾಕ್ಯುಶುವಿನಲ್ಲೇ. ಹೈ ಬಾರ್ ಫೈನಲ್‌ಗೆ ಬಂದ. ಆರನೇ ಸ್ಥಾನ, ಪದಕ ಇಲ್ಲ. ಆದರೆ ಕೊನೆಗೆ ಇಳಿದದ್ದು ಇದೆಯಲ್ಲ, ಒಂದು ಹೆಜ್ಜೆ ಇಲ್ಲ. ನಿಂತ ಅಂದರೆ ನಿಂತ. 2022ರ ಜನವರಿಯಲ್ಲಿ ನಿವೃತ್ತಿ ಹೇಳಿದ. ಮಾರ್ಚ್ 12ಕ್ಕೆ ಟೋಕಿಯೊದಲ್ಲಿ ಒಂದು ಬೀಳ್ಕೊಡುಗೆ ಪ್ರದರ್ಶನ ಇಟ್ಟುಕೊಂಡು, ಹೆಗಲು ಕಾಲು ಎಲ್ಲ ಹಾಳಾಗಿದ್ದರೂ ಆರೂ ಆಟ ಆಡಿ ತೋರಿಸಿದ.

ಹಳೇ_ಜಿಮ್ನಾಸ್ಟ್

ಆರೂ. ಇದನ್ನು ಮಗನಿಗೆ ತೋರಿಸಿ.

ಗಿರಿನಗರದ_ಅಪ್ಪ

ತೋರಿಸಿದೆ. ಈಗ ದಿವಾನ್ ಮೇಲಿಂದ ಹಾರಿ ಹಾರಿ 'ಸ್ಟಿಕ್' (ಕದಲದೆ ನಿಲ್ಲುವುದು) ಮಾಡುತ್ತಿದ್ದಾನೆ. ಮಾವ ಸೋಫಾದಲ್ಲಿ ಕೂತು ಅಂಕ ಹಾಕುತ್ತಿದ್ದಾರೆ. ಸಣ್ಣ ಹೆಜ್ಜೆಗೂ 0.3 ಕಡಿಯುತ್ತಾರೆ, ಮಗ ತಕರಾರು ಹಾಕುತ್ತಾನೆ. ಕೆಳಗಿನ ಮನೆಯವರು ಎರಡು ಸಲ ಬೆಲ್ ಮಾಡಿದರು.

ಅಂಕಿಸಂಖ್ಯೆ

ತಕರಾರಿಗೆ ದುಡ್ಡು ಕಟ್ಟಿಸಿಕೊಳ್ಳೋಕೆ ಹೇಳಿ.

ಹಳೇ_ಜಿಮ್ನಾಸ್ಟ್

ದಿವಾನ್ ಬೇಡ ಸರ್, ಮೊಸಾಯಿಕ್ ನೆಲ ಹಿಮ್ಮಡಿಗೆ ಒಳ್ಳೇದಲ್ಲ. ಹಳೇ ಹತ್ತಿ ಹಾಸಿಗೆ ಇದ್ದರೆ ಮಡಚಿ ಹಾಕಿ. ಮಧ್ಯೆ ಗುಂಡಿ ಬಿದ್ದ ಹಾಸಿಗೆ ಮಾತ್ರ ಬೇಡ.